ಪ್ರಾಸವಿಲ್ಲದ ಕಾಗದ

೪ ಜನವರಿ

ಗುಬ್ಬೀ,

ಕೆಲಸ ಸಿಕ್ಕಿತು. ನಾನು ಕ್ಷೇಮ, ಕಾಲಿಗೆ ಮಾತ್ರ ಕ್ಷಾಮ. ಹೊರಗೆ ‘ಬೆಲೆ ಕಚೇರಿ’ ಎಂದು ಬೋರ್ಡಿದೆ. ಒಳಗೆ ಹೋದರೆ ಬೆಲೆಯೂ ಇಲ್ಲ, ನೆಲೆಯೂ ಇಲ್ಲ. ಹನ್ನೊಂದು ಜನರಿಗೆ ಒಂಬತ್ತು ಕುರ್ಚಿ. ಕುರ್ಚಿ ಸಾಲದೆಂದೇ ನಮ್ಮನ್ನು ಬೀದಿಗೆ ಕಳಿಸುತ್ತಾರೆಂದು ನನ್ನ ಗುಮಾನಿ.

ದಿನಕ್ಕೆ ಹದಿನೈದು ಮನೆ. ಕದ ತಟ್ಟಿ, ಗುರುತಿನ ಚೀಟಿ ತೋರಿಸಿ, ನಮೂನೆಯಲ್ಲಿರುವ ಆರು ಪ್ರಶ್ನೆ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಬೇಕು. ಐದು ಪ್ರಶ್ನೆ ಊಟಕ್ಕೆ ಮುಂಚಿನ ಉಪ್ಪಿನ ಹಾಗೆ. ಆರನೆಯದೇ ಊಟ: ‘ಇನ್ನೊಂದು ವರ್ಷಕ್ಕೆ ಬೆಲೆಗಳು ನೂರಕ್ಕೆ ಎಷ್ಟು ಏರಿರುತ್ತವೆ ಅಂತ ನಿಮಗೆ ಅನ್ನಿಸುತ್ತೆ?’ ಇದನ್ನು ಕೇಳುವಾಗ ಹುಬ್ಬು ಹಾರಿಸಬಾರದು, ತಲೆ ಆಡಿಸಬಾರದು, ‘ಅಷ್ಟೊಂದಾ’ ಎನ್ನಬಾರದು. ಗೋಡೆಯ ಹಾಗೆ ನಿಲ್ಲಬೇಕು. ಅದಕ್ಕೆ ಮೂರು ದಿನ ತರಬೇತಿ ಕೊಟ್ಟರು. ‘ಅದಕ್ಯಾಕೆ ತರಬೇತಿ, ಮದುವೆಯಾದಾಗಿಂದ ನಾನು ಅದೇ ಮುಖ ನೋಡ್ತಿದೀನಲ್ಲ’ ಎಂದಳು ನಿನ್ನ ಅತ್ತಿಗೆ.

ಜನ ಎಲ್ಲಿಂದ ಉತ್ತರ ತೆಗೆಯುತ್ತಾರೆ ಗೊತ್ತೇ? ಕ್ಷೌರಿಕ ಬ್ಲೇಡಿನಿಂದ. ಬಸ್ಸು ಓಡಿಸುವವನು ಟೀಯಿಂದ. ಒಬ್ಬ ಹೆಂಗಸಿಗೆ ಹೋದ ವರ್ಷದ ಬೆಲೆ ನೆನಪಿದೆಯಾ ಎಂದು ಕೇಳಿದೆ. ‘ಹೋದ ವರ್ಷ ಯಾರಿಗೆ ನೆನಪಿರುತ್ತೆ, ನಿನ್ನೆ ಸಂಜೆ ಮೊಟ್ಟೆಯವನು ಹೇಳಿದ್ದು ನೆನಪಿದೆ’ ಎಂದಳು. ಇನ್ನೊಂದು ಮನೆಯಲ್ಲಿ ಗಂಡ ನೂರಕ್ಕೆ ಹತ್ತು ಅಂದ, ಒಳಗಿನಿಂದ ಹೆಂಡತಿ ಮೂವತ್ತು ಅಂದಳು. ಯಾಕಿಷ್ಟು ಅಂತರ ಎಂದರೆ, ‘ಅವರು ತಿನ್ನೋರು, ನಾನು ತರೋಳು’ ಎಂದು ಉತ್ತರ ಬಂತು. ಕೊನೆಗೆ ಕೊಂಡ ಸಾಮಾನು ಯಾವುದೋ ಅದೇ ಅವರ ಪಂಚಾಂಗ.

ಎಣ್ಣೆ ಏರಿತು, ಬೆಣ್ಣೆ ಹಾರಿತು, ಸಣ್ಣ ಸಂಬಳ ಮಾತ್ರ ಕೂತಲ್ಲೇ ಕೂತಿತು. ಮೊದಲ ವಾರ ನನ್ನ ಬೀದಿಗಳಲ್ಲಿ ಹೆಚ್ಚಿನವರು ನೂರಕ್ಕೆ ಹತ್ತು ಅಂದಿದ್ದರು. ಈ ವಾರ ಇಪ್ಪತ್ತೈದು ಅನ್ನುತ್ತಿದ್ದಾರೆ. ಇದು ಕಚೇರಿಯ ಗುಟ್ಟು, ಯಾರ ಮುಂದೂ ಬಾಯಿ ಬಿಡಬೇಡ.

ಅಮ್ಮನ ಸಕ್ಕರೆ ಹೇಗಿದೆ? ಇಂಜೆಕ್ಷನ್ ದಿನವೂ ನೀನೇ ಕೊಡುತ್ತಿದ್ದೀಯಾ, ಭಾವನವರಿಗೂ ಕಲಿಸಿದೆಯಾ?

ನಿನ್ನ ಅಣ್ಣ

೧೫ ಜನವರಿ

ಅಣ್ಣಾ,

ಕಾಗದ ತಲುಪಿತು. ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೊಟ್ಟೆಯ ಕಥೆಗೆ ನಕ್ಕಳು. ಇಂಜೆಕ್ಷನ್ ನಾನೇ ಕೊಡುವುದು. ಇವರು ಸೂಜಿ ನೋಡಿದರೆ ಅಮ್ಮನಿಗಿಂತ ಮೊದಲು ತಾವೇ ಮಲಗುತ್ತಾರೆ. ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುವ ಧೈರ್ಯ ಮನೆಯ ಹೊಸ್ತಿಲು ದಾಟುವುದಿಲ್ಲ.

ನೀನು ಬೆಲೆ ಕಚೇರಿ ಸೇರಿದ್ದು ಬೀದಿಗೆಲ್ಲ ಗೊತ್ತಾಗಿದೆ. ನಾನು ಹೇಳಲಿಲ್ಲ, ಅಮ್ಮ ಹೇಳಿದಳು. ಕೆಳಮನೆ ಟೀಚರು ಬ್ಲೌಸು ಅಳತೆಗೆ ಬಂದವರು ಮೆಲ್ಲಗೆ ಕೇಳಿದರು, ‘ನಿಮ್ಮಣ್ಣ ಏನಂತಾರೆ? ಒಳಗಿನವರಿಗೆ ಗೊತ್ತಿರುತ್ತಲ್ಲ.’ ಗುಟ್ಟು ಎಂದು ನೀನು ಬರೆದಿದ್ದರಿಂದ ಬಾಯಿ ಬಿಡಲಿಲ್ಲ. ಇಪ್ಪತ್ತೈದು ಅಂತಷ್ಟೇ ಅಂದೆ. ಅವರ ಯಜಮಾನರಿಗೂ ಅಮ್ಮನ ಹಾಗೇ ಸಕ್ಕರೆ, ಅದೇ ಇಂಜೆಕ್ಷನ್. ಊರಿನ ಬಾಕಿಯವರಿಗೆ ಗುಟ್ಟು ಗುಟ್ಟಾಗಿಯೇ ಇದೆ.

ಒಂದು ಕೇಳಬೇಕು. ನಿಮ್ಮ ಪಟ್ಟಿಯಲ್ಲಿ ಔಷಧಿ ಇದೆಯಾ? ಸೋಪು, ಎಣ್ಣೆ ಏರಿದರೆ ಕಡಿಮೆ ಹಚ್ಚಿಕೊಂಡು ಬದುಕಬಹುದು. ಇನ್ಸುಲಿನ್ ಕಡಿಮೆ ಹಾಕುವ ಹಾಗಿಲ್ಲವಲ್ಲ. ಒಂದು ಬಾಟಲಿ ಅಮ್ಮನಿಗೆ ಇಪ್ಪತ್ತು ದಿನ ಬರುತ್ತದೆ. ಹೋದ ಸಲಕ್ಕಿಂತ ಈ ಸಲ ಸ್ವಲ್ಪ ಹೆಚ್ಚಿಗೆ ತೆಗೆದುಕೊಂಡ ಅಂಗಡಿಯವನು. ಯಾಕೆ ಎಂದರೆ ಭುಜ ಕುಣಿಸಿದ. ಆ ಭುಜ ನನಗೆ ಸರಿಬೀಳಲಿಲ್ಲ.

ಟೀಚರ ಮನೆಗೆ ಫೋನು ಮಾಡಬೇಡ. ಅವರು ಪಕ್ಕದಲ್ಲೇ ಕೂತು ಕೇಳುತ್ತಾರೆ. ಬರಿ.

ಗುಬ್ಬಿ

೨೮ ಜನವರಿ

ಗುಬ್ಬಿ,

ನಿನ್ನ ಕಾಗದ ಓದಿದ ಕೂಡಲೇ ಬರೆಯುತ್ತಿದ್ದೇನೆ. ದಯವಿಟ್ಟು ನಿಧಾನವಾಗಿ ಓದು.

ಬೆಲೆ ನೂರಕ್ಕೆ ಇಪ್ಪತ್ತೈದು ಏರುತ್ತದೆ ಎಂದು ನಾನು ಬರೆದಿರಲಿಲ್ಲ. ಏರಬಹುದೆಂದು ಜನ ಹೇಳುತ್ತಾರೆ ಎಂದು ಬರೆದಿದ್ದೆ. ಎರಡೂ ಬೇರೆ. ಬೆಲೆ ಏನಾಗುತ್ತದೆಂದು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಜನರನ್ನು ಕೇಳುತ್ತೇನೆ. ಅವರು ಅಂಗಡಿಯವನನ್ನು ಕೇಳಿರುತ್ತಾರೆ. ಅಂಗಡಿಯವನು ಜನರ ಮುಖ ನೋಡಿರುತ್ತಾನೆ. ಇದರಲ್ಲಿ ಒಳಗಿನ ಸುದ್ದಿ ಅನ್ನುವುದು ಇಲ್ಲ.

ಔಷಧಿ ನಮ್ಮ ನಮೂನೆಯಲ್ಲಿ ಇಲ್ಲ. ಆದ್ದರಿಂದ ಅದರ ಬಗ್ಗೆ ನಾನು ಏನನ್ನೂ ಹೇಳಲಾರೆ. ಎಂದಿನಂತೆ ತಿಂಗಳಿಗೆ ಬೇಕಾದಷ್ಟು ತೆಗೆದುಕೊಂಡರೆ ಸಾಕು. ಹೆದರಬೇಡ. ಟೀಚರಿಗೂ ಹೆದರಬೇಡಿ ಎಂದು ಹೇಳು. ಹೆದರುವಂಥದ್ದು ಏನೂ ಇಲ್ಲ.

ಅಮ್ಮನಿಗೆ ನಮಸ್ಕಾರ.

ಅಣ್ಣ

೧೨ ಫೆಬ್ರವರಿ

ಅಣ್ಣಾ,

ನಿನ್ನ ಕಾಗದ ಓದಿ ಕೈಕಾಲು ತಣ್ಣಗಾಯಿತು.

ನಿನಗೆ ನಲವತ್ತೈದು ವರ್ಷ. ಬರೆಯಲು ಕಲಿತಾಗಿನಿಂದ ನೀನು ಪ್ರಾಸವಿಲ್ಲದೆ ಬರೆದ ಕಾಗದ ನಾನು ನೋಡಿದ್ದು ಎರಡೇ. ಒಂದು, ಅಪ್ಪ ಹೋದಾಗ. ಎರಡನೆಯದು ಇದು. ಮೂರು ಸಲ ‘ಹೆದರಬೇಡ’ ಎಂದಿದ್ದೀಯ. ನಿನ್ನ ಮದುವೆಯ ಕರೆಯೋಲೆಯಲ್ಲೂ ‘ಬನ್ನಿ, ತಿನ್ನಿ, ಚೆನ್ನಾಗಿತ್ತು ಅನ್ನಿ’ ಎಂದು ಅಚ್ಚು ಹಾಕಿಸಿದ್ದವನು ನೀನು. ನಿನ್ನ ಪಕ್ಕದಲ್ಲಿ ಯಾರೋ ನಿಂತು ಬರೆಸಿದ ಹಾಗಿದೆ. ಕಚೇರಿಯಲ್ಲಿ ಕಾಗದ ಓದಿ ಕಳಿಸುತ್ತಾರಾ? ಇರಲಿ, ಉತ್ತರ ಬರೆಯಬೇಡ. ನನಗೆ ಅರ್ಥವಾಯಿತು. ಔಷಧಿಯ ಬಗ್ಗೆ ‘ಏನನ್ನೂ ಹೇಳಲಾರೆ’ ಎಂದೆಯಲ್ಲ, ಅಷ್ಟು ಸಾಕಾಯಿತು.

ಹದಿನಾರು ಬಾಟಲಿ ತಂದೆ. ಹತ್ತು ತಿಂಗಳಿಗೆ ಆಗುತ್ತದೆ. ದುಡ್ಡು ಹೇಗೋ ಹೊಂದಿತು, ಆ ಯೋಚನೆ ನಿನಗೆ ಬೇಡ. ಅಂಗಡಿಯವನು ‘ಏನಕ್ಕಾ, ಆಸ್ಪತ್ರೆ ತೆಗೀತೀರಾ’ ಎಂದ. ನಾನು ನಗಲಿಲ್ಲ. ನಾನು ನಗದಿದ್ದುದನ್ನು ಹಿಂದೆ ನಿಂತಿದ್ದ ಟೀಚರು ನೋಡಿದರು. ಸಂಜೆಗೆ ಅವರು ಹನ್ನೆರಡು ತಂದರು. ಮಾರನೆಯ ದಿನ ಅಂಗಡಿಯ ಮುಂದೆ ಸಾಲಿತ್ತು. ‘ಬೆಲೆ ಕಚೇರಿಯವನ ತಂಗಿಯೇ ತಗೊಂಡಳಂತೆ’ ಎಂದು ಸಾಲಿನಲ್ಲಿ ಒಬ್ಬಾಕೆ ನನಗೇ ಹೇಳಿದಳು, ನಾನೇ ಎಂದು ತಿಳಿಯದೆ. ಗುರುವಾರ ಬೆಲೆ ಕಾಲುಭಾಗ ಏರಿತು. ನೋಡಿದೆಯಾ, ನಿನ್ನ ಮಾತು ಅಕ್ಷರಶಃ.

ನಿನ್ನ ಉಪಕಾರ ಮರೆಯುವುದಿಲ್ಲ.

ಗುಬ್ಬಿ

೨೨ ಫೆಬ್ರವರಿ

ಗುಬ್ಬೀ, ಮಬ್ಬೇ, ತಲೆಯೊಳಗೆ ಬರೀ ಗಬ್ಬೇ,

ನನ್ನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ ಕಣೇ. ನೀನು ನನ್ನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲಿ ಎಂದು ಒಂದು ಸಲ, ಜೀವಮಾನದಲ್ಲಿ ಒಂದೇ ಸಲ, ನೆಟ್ಟಗೆ ಬರೆದೆ. ಅದನ್ನು ಹಿಡಿದು ಹದಿನಾರು ಬಾಟಲಿ ಕೊಂಡೆಯಾ? ತಮಾಷೆ ಮಾಡಿದರೆ ಸತ್ಯ ಅನ್ನುತ್ತೀಯ, ಸತ್ಯ ಹೇಳಿದರೆ ಸಂಕೇತ ಅನ್ನುತ್ತೀಯ. ನಾನು ಇನ್ನು ಹೇಗೆ ಬರೆಯಲಿ, ಕೆಮ್ಮಿ ಕಳಿಸಲಾ? ಬೆಲೆ ಏರಿದ್ದು ನನ್ನ ಮಾತಿನಿಂದಲ್ಲ, ನಿನ್ನ ಮೂತಿಯಿಂದ. ನಾಳೆಯೇ ಹೋಗಿ ಅರ್ಧ ವಾಪಸು ಕೊಡು.

೨೪ ಫೆಬ್ರವರಿ, ಅದೇ ಕಾಗದ

ಮೇಲಿನದನ್ನು ಅಂಚೆಗೆ ಹಾಕಿರಲಿಲ್ಲ. ಈಗ ಹರಿದುಹಾಕಬೇಕೆನಿಸುತ್ತದೆ, ಆದರೆ ಹಾಳೆಗೂ ಈಗ ಬೆಲೆ.

ಇವತ್ತು ಬೇರೆ ಊರುಗಳ ನಮೂನೆಗಳು ಬಂದವು. ನಿಮ್ಮೂರಿನ ಕಟ್ಟನ್ನು ಮೇಲ್ವಿಚಾರಕರು ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತುಹಾಕಿ ಬದಿಗಿಟ್ಟರು. ಎಲ್ಲ ಕಡೆ ಜನ ಇಪ್ಪತ್ತು, ಇಪ್ಪತ್ತೈದು ಅನ್ನುತ್ತಿದ್ದರೆ ನಿಮ್ಮೂರಿನಲ್ಲಿ ನೂರಕ್ಕೆ ಐವತ್ತು. ಕೆಲವರು ಅರವತ್ತು. ನಾನು ಹಾಳೆ ಹಾಳೆ ತಿರುವಿದೆ. ಒಬ್ಬರಲ್ಲ ಇಬ್ಬರಲ್ಲ, ಇಡೀ ಊರು. ಇಷ್ಟು ಜನ ಸುಮ್ಮನೆ ಹೇಳುತ್ತಾರಾ? ನಿಮ್ಮೂರಿನವರಿಗೆ ಏನೋ ಗೊತ್ತಿದೆ ಗುಬ್ಬಿ. ಗೋದಾಮು ನಿಮ್ಮ ಕಡೆಯೇ ಇದೆ, ಲಾರಿಗಳು ನಿಮ್ಮ ಕಡೆಯಿಂದಲೇ ಬರುತ್ತವೆ. ನಮಗಿಂತ ಮೊದಲು ನಿಮಗೆ ಕಾಣುತ್ತದೆ.

ವಾಪಸು ಕೊಡಬೇಡ. ನೀನು ಮಾಡಿದ್ದೇ ಸರಿ ಇರಬೇಕು. ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಿಡು. ಬೇಸಿಗೆ ಬರುತ್ತಿದೆ. ಅದು ಕೆಟ್ಟರೆ ಮತ್ತೆ ಸಿಗುವುದು ಕಷ್ಟ.

ನಾವೂ ಒಂದಿಷ್ಟು ಅಕ್ಕಿ ತಂದಿಟ್ಟೆವು. ಒಂದಿಷ್ಟು ಅಂದರೆ, ಮಂಚದ ಕೆಳಗೆ ಈಗ ಚಪ್ಪಲಿಗೆ ಜಾಗವಿಲ್ಲ.

ಅಣ್ಣ

೧೧ ಮಾರ್ಚ್

ಅಣ್ಣಾ,

ನಿನ್ನ ಕಾಗದದ ಎರಡನೆಯ ಭಾಗವನ್ನು ಟೀಚರಿಗೂ ಓದಿ ಹೇಳಿದೆ. ಅವರ ಮುಖ ಸುಣ್ಣವಾಯಿತು. ‘ಐವತ್ತಂತೆ’ ಎಂದು ಪಿಸುಗುಟ್ಟಿಕೊಂಡೇ ಮೆಟ್ಟಿಲಿಳಿದರು. ಈಗ ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಇಲ್ಲ. ಇಪ್ಪತ್ತು ದಿನವಾಯಿತು, ಬಂದಾಗ ಬರುತ್ತೆ ಅನ್ನುತ್ತಾನೆ. ಬೇರೆ ಅಂಗಡಿಯಲ್ಲೂ ಇಲ್ಲ. ನಮ್ಮದು ಇದೆ ಅನ್ನುವುದೊಂದೇ ಸಮಾಧಾನ.

ನೀನು ಹೇಳಿದಂತೆ ತಣ್ಣಗಿಟ್ಟಿದ್ದೇನೆ. ಮೊದಲು ಬಾಗಿಲಿನ ಸಂದಿಯಲ್ಲಿದ್ದವು. ಈಗ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ, ಮೇಲೆ ಐಸಿನ ಪೆಟ್ಟಿಗೆಗೆ ಅಂಟಿಕೊಂಡ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದೇನೆ. ಫ್ರಿಜ್ಜಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದೆ. ಹಾಲು ಕಲ್ಲಾಗುತ್ತದೆ, ಆಗಲಿ. ಇವರು ನೀರಿನ ಬಾಟಲಿ ಹಿಡಿದು ‘ಇದನ್ನ ಕುಡೀಬೇಕಾ, ನೆಕ್ಕಬೇಕಾ’ ಎಂದು ಕೇಳಿದರು. ಟೀಚರೂ ನನ್ನನ್ನು ನೋಡಿ ಹಾಗೇ ಇಟ್ಟುಕೊಂಡಿದ್ದಾರೆ.

ಅಮ್ಮ ಸ್ವಲ್ಪ ಸುಸ್ತು ಅನ್ನುತ್ತಾಳೆ. ಬಾಯಾರಿಕೆ ಹೆಚ್ಚು. ಬಿಸಿಲು ಜೋರಾಗಿದೆಯಲ್ಲ, ನಮಗೇ ಹಾಗಾಗುತ್ತದೆ. ಹಳೆಯ ಬಾಟಲಿ ಮುಗಿದು ಹೊಸದು ಶುರುವಾಗಿ ಒಂಬತ್ತು ದಿನ. ಒಂದು ಹೊತ್ತೂ ತಪ್ಪಿಸಿಲ್ಲ.

ಓವರ್‌ಲಾಕ್ ಮಷಿನ್ ಮಾರಿದೆ ಎಂದು ಅಮ್ಮ ನಿನಗೆ ಬರೆಯಬೇಕು ಅನ್ನುತ್ತಿದ್ದಳು. ಅವಳು ಬರೆಯುವ ಮೊದಲು ನಾನೇ ಬರೆದೆ. ಅಂಚು ಹೊಲಿಯುವ ಕೆಲಸ ಕೈಯಲ್ಲೇ ಮಾಡುತ್ತೇನೆ. ಕೈ ಇದೆಯಲ್ಲ.

ಗುಬ್ಬಿ

೧೯ ಮಾರ್ಚ್

ಗುಬ್ಬಿ,

ಮಷಿನ್ ಮಾರಿದೆಯಾ. ಇದಕ್ಕೆ ನಾನು ಏನು ಬರೆಯಲಿ.

ನಿನಗೆ ಇನ್ನೊಂದು ವಿಷಯ ಹೇಳಬೇಕು. ನಿಮ್ಮೂರಿನ ನಮೂನೆಗಳನ್ನು ನಾನು ಅವತ್ತು ಅಂಕಿಗಾಗಿ ಮಾತ್ರ ತಿರುವಿದ್ದೆ. ಪ್ರತಿ ಹಾಳೆಯ ಕೊನೆಗೆ ಷರಾ ಎಂದು ಒಂದು ಚಿಕ್ಕ ಜಾಗ ಇರುತ್ತದೆ. ಆ ಅಂಕಿ ಯಾಕೆ ಹೇಳಿದರು ಎಂದು ಮನೆಯವರೇ ತಾವಾಗಿ ಹೇಳಿದರೆ ಅಲ್ಲಿ ಬರೆಯುತ್ತೇವೆ. ಅದನ್ನು ಯಾರೂ ಓದುವುದಿಲ್ಲ. ನಿನ್ನೆ ಊಟದ ಹೊತ್ತಿನಲ್ಲಿ ನಾನು ಓದಿದೆ.

‘ಬೆಲೆ ಕಚೇರಿಯಲ್ಲಿ ಇರುವವರೇ ಹೇಳಿದ್ದು.’ ‘ಟೈಲರಮ್ಮನ ಅಣ್ಣ ಬರೆದಿದ್ದಾರಂತೆ.’ ‘ಟೈಲರಮ್ಮ ಮಷಿನ್ ಮಾರಿ ಔಷಧಿ ಕೊಂಡರು, ಇನ್ನೇನು ಸಾಕ್ಷಿ ಬೇಕು.’ ಇಪ್ಪತ್ತಮೂರು ಹಾಳೆಗಳಲ್ಲಿ ನಾನಿದ್ದೇನೆ. ಮಷಿನ್ನಿನ ಸಂಗತಿ ನನಗಿಂತ ಮೊದಲು ನನ್ನ ಕಚೇರಿಗೆ ತಿಳಿದಿತ್ತು.

ನಿಮ್ಮೂರಿಗೆ ಏನೂ ಗೊತ್ತಿರಲಿಲ್ಲ. ನಿಮ್ಮೂರಿಗೆ ಗೊತ್ತಿದ್ದದ್ದು ನಾನು. ನನ್ನನ್ನು ನೋಡಿ ನಾನೇ ಹೆದರಿ ಅಕ್ಕಿ ತಂದೆ, ನಿನ್ನನ್ನು ಇನ್ನಷ್ಟು ಹೆದರಿಸಿದೆ.

ಮೇಲ್ವಿಚಾರಕರಿಗೆ ಹೋಗಿ ಹೇಳಿದೆ. ಈ ಕಟ್ಟನ್ನು ತೆಗೆದುಬಿಡಿ ಸಾರ್, ಇದು ನನ್ನ ಬಾಯಿಂದ ಹೊರಟದ್ದು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ‘ಜನ ಐವತ್ತು ಅಂದಿದ್ದು ಸುಳ್ಳೇನ್ರೀ? ಅಂದಿದಾರೆ ತಾನೆ? ಯಾಕಂದ್ರು ಅನ್ನೋದು ನಮಗ್ಯಾಕೆ, ಬರ್ಕೊಳ್ಳೋದಷ್ಟೇ ನಮ್ಮ ಕೆಲಸ.’ ವರದಿ ಹೋಯಿತು. ಇವತ್ತಿನ ಪತ್ರಿಕೆ ನಿಮ್ಮೂರಿನ ಅಂಕಿಯನ್ನೇ ಎತ್ತಿ ಮೊದಲ ಪುಟದಲ್ಲಿ ಹಾಕಿದೆ: ಬೆಲೆ ಒಂದೂವರೆ ಪಟ್ಟಾಗುವ ನಿರೀಕ್ಷೆ. ಬೆಳಗ್ಗೆ ನಾನು ಕದ ತಟ್ಟಿದ ಮೊದಲ ಮನೆಯಾಕೆ ಪತ್ರಿಕೆ ಹಿಡಿದೇ ಬಾಗಿಲು ತೆಗೆದಳು. ನಾನು ಪ್ರಶ್ನೆ ಕೇಳುವ ಮೊದಲೇ ಐವತ್ತು ಅಂದಳು. ನಾನು ಗೋಡೆಯ ಹಾಗೆ ನಿಂತು ಬರೆದುಕೊಂಡೆ.

ಇನ್ನು ಏನನ್ನೂ ಕೊಳ್ಳಬೇಡ. ನನ್ನ ಕಾಗದ ಯಾರಿಗೂ ಓದಿ ಹೇಳಬೇಡ. ಅಮ್ಮನ ಬಾಯಾರಿಕೆ ಬಿಸಿಲಿನದು ಅಂತ ನೀನೇ ತೀರ್ಮಾನ ಮಾಡಬೇಡ, ಡಾಕ್ಟರಿಗೆ ತೋರಿಸು.

ಅಣ್ಣ

೨೦ ಮಾರ್ಚ್
(ತುರ್ತು ಅಂಚೆ)

ಅಣ್ಣಾ,

ಅಮ್ಮ ಆಸ್ಪತ್ರೆಯಲ್ಲಿ. ನಿನ್ನೆ ಬೆಳಗ್ಗೆ ಎಬ್ಬಿಸಿದರೆ ನನ್ನನ್ನು ಗುರುತಿಸಲಿಲ್ಲ. ‘ಯಾರಮ್ಮ ನೀನು, ನನ್ನ ಮಗಳನ್ನ ಕರಿ’ ಎಂದಳು. ಉಸಿರು ಜೋರಾಗಿ ಎಳೆಯುತ್ತಿದ್ದಳು. ಇವರು ಡಿಪೋದ ಜೀಪು ತಂದರು.

ಸಕ್ಕರೆ ಅವರ ಯಂತ್ರದಲ್ಲಿ ಅಳೆಯಲಾಗದಷ್ಟು ಏರಿತ್ತು. ಡಾಕ್ಟರು ಇಂಜೆಕ್ಷನ್ ತಪ್ಪಿಸಿದ್ದೀರಿ ಅಂದರು. ಇಲ್ಲ ಅಂದೆ. ತಪ್ಪಿಸದೆ ಹೀಗಾಗುವುದಿಲ್ಲ ಅಂದರು. ಜಗಳವಾಡಿದೆ. ನರ್ಸಮ್ಮ ಬಾಟಲಿ ತನ್ನಿ ಅಂದರು. ಮನೆಗೆ ಓಡಿ ತಂದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಹೊರಳಿಸಿದರು.

‘ಕಾಳು ಕಾಳು ಕಾಣ್ತಿದೆಯಾ? ಹೆಪ್ಪುಗಟ್ಟಿ ಕರಗಿದೆ ಇದು. ಐಸಿನ ಹತ್ರ ಇಟ್ಟಿದ್ರಾ?’

ಇಟ್ಟಿದ್ದೆ ಅಂದೆ.

‘ಇದನ್ನ ಚುಚ್ಚೋದೂ ಒಂದೇ, ನೀರು ಚುಚ್ಚೋದೂ ಒಂದೇ. ಎಷ್ಟಿದೆ ಇಂಥದು?’

ಹದಿನೈದು ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಎಲ್ಲಾ ಚೆಲ್ಲಿಬಿಡಿ’ ಎಂದು ಬಾಟಲಿ ನನ್ನ ಕೈಗೆ ಕೊಟ್ಟರು.

ಹದಿನೆಂಟು ದಿನ ನಾನು ಅಮ್ಮನಿಗೆ ದಿನಕ್ಕೆ ಎರಡು ಸಲ ನೀರು ಚುಚ್ಚಿದ್ದೇನೆ ಅಣ್ಣ. ಅವಳು ದಿನವೂ ತೋಳು ಕೊಡುತ್ತಿದ್ದಳು.

ಇನ್ನೂ ಎಚ್ಚರ ಸರಿಯಾಗಿ ಬಂದಿಲ್ಲ. ಕೆಳಮನೆಯವರದೂ ಹಾಗೇ ಇದೆ ಅನ್ನುವುದು ಆಸ್ಪತ್ರೆಯ ಮೆಟ್ಟಿಲ ಮೇಲೆ ನೆನಪಾಯಿತು. ಹೋಗಿ ಹೇಳುತ್ತೇನೆ.

ಗುಬ್ಬಿ

೨೫ ಮಾರ್ಚ್

ಗುಬ್ಬಿ,

ನಿನ್ನ ಕಾಗದವೂ ನನ್ನದೂ ದಾರಿಯಲ್ಲಿ ಎದುರುಬದುರಾಗಿ ಹೋಗಿವೆ.

‘ಚೆನ್ನಾಗಿ ತಣ್ಣಗಿಡು’ ಎಂದವನು ನಾನು. ಅದನ್ನು ನೀನು ಬರೆದಿಲ್ಲ. ಮರೆತೆಯೋ, ಬೇಕೆಂದೇ ಬಿಟ್ಟೆಯೋ. ನನಗೆ ಮಾತ್ರ ಬೇರೇನೂ ನೆನಪಿಗೆ ಬರುತ್ತಿಲ್ಲ.

ಇವತ್ತೇ ಹೊರಡಬೇಕೆಂದಿದ್ದೆ. ಮೇಲ್ವಿಚಾರಕರು ನಾನು ಹೇಳಿದ್ದನ್ನು ಸುಮ್ಮನೆ ಬಿಟ್ಟಿಲ್ಲ. ಗುಟ್ಟು ಹೊರಗೆ ಹಾಕಿದ್ದಕ್ಕೆ ವಿಚಾರಣೆ ಇಟ್ಟಿದ್ದಾರೆ, ಮುಗಿಯುವವರೆಗೆ ಊರು ಬಿಡಬಾರದಂತೆ. ಬಿಟ್ಟು ಬಂದರೆ ಕೆಲಸ ಹೋಗುತ್ತದೆ. ಅಮ್ಮನಿಗೆ ಹೇಗಿದೆ ಎಂದು ಟೀಚರ ಮನೆಗೆ ಎರಡು ಸಲ ಫೋನು ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟರು. ಯಾಕೆ? ಅಲ್ಲಿ ಏನಾಗಿದೆ? ಹೇಳಲಾರದ ಸುದ್ದಿ ಇದ್ದು ಇಟ್ಟರೇ?

ಒಂದು ಗೆರೆಯಾದರೂ ಬರಿ. ಅಮ್ಮ ಇದ್ದಾಳೆ ಎಂದಷ್ಟೇ ಬರಿ.

ಅಣ್ಣ

೩೧ ಮಾರ್ಚ್

ಅಣ್ಣಾ,

ಅಮ್ಮ ಇದ್ದಾಳೆ. ಮೊನ್ನೆ ಮನೆಗೆ ಕರೆತಂದೆವು. ನಡೆಯುವಾಗ ಗೋಡೆ ಹಿಡಿಯುತ್ತಾಳೆ, ಆದರೆ ನನ್ನನ್ನು ಗುರುತಿಸುತ್ತಾಳೆ, ಬೈಯುತ್ತಾಳೆ.

ಟೀಚರು ಫೋನು ಇಟ್ಟಿದ್ದು ನನ್ನ ಮೇಲಿನ ಸಿಟ್ಟಿಗೆ. ಅವತ್ತು ಆಸ್ಪತ್ರೆಯಿಂದ ನೇರ ಅವರ ಬಾಗಿಲಿಗೆ ಹೋಗಿದ್ದೆ. ಫ್ರಿಜ್ಜಿನಲ್ಲಿರೋದನ್ನ ಚೆಲ್ಲಿಬಿಡಿ ಟೀಚರೇ, ಕೆಟ್ಟುಹೋಗಿದೆ ಅಂದೆ. ಅವರ ಕೈಯಲ್ಲಿ ಪತ್ರಿಕೆ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಕೊಳ್ಳಿ ಅಂತ ನೀವೇ ಅಂದ್ರಿ. ಇಡೀ ಊರಲ್ಲಿ ಒಂದು ಬಾಟಲಿ ಸಿಗದಿರೋವಾಗ ಚೆಲ್ಲಿ ಅಂತೀರಾ? ನಿಮ್ಮಣ್ಣ ಈಗೇನು ಬರೆದ್ರು, ನೂರಾ?’

ಅಣ್ಣ ಏನೂ ಬರೆದಿಲ್ಲ, ಅಮ್ಮ ಸಾಯೋ ಹಾಗಿದಾಳೆ ಅಂದೆ. ‘ನಿಮ್ಮ ಮಾತು ಕೇಳಿ ಕೇಳಿ ಸಾಕಾಗಿದೆ’ ಎಂದು ಬಾಗಿಲು ಹಾಕಿಕೊಂಡರು. ಮೊದಲು ನಾನು ಬಾಯಿ ಬಿಡದಿದ್ದರೂ ನಂಬುತ್ತಿದ್ದರು. ಈಗ ಬಾಯಿ ಬಿಟ್ಟು ಅತ್ತರೂ ನಂಬಲಿಲ್ಲ. ಹತ್ತು ದಿನ, ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ, ಅವರ ಯಜಮಾನರ ಕೆಮ್ಮು ಕೇಳುತ್ತದಾ ಎಂದು ನೆಲಕ್ಕೆ ಕಿವಿ ಕೊಟ್ಟು ಕೂರುತ್ತಿದ್ದೆ. ಬಾಗಿಲಿನ ಸಂದಿಯಲ್ಲೇ ಇಟ್ಟಿದ್ದ ಅವರ ಹಳೆಯ ಬಾಟಲಿ ಆಗಿನ್ನೂ ಮುಗಿದಿರಲಿಲ್ಲವಾದ್ದರಿಂದ ಅಷ್ಟು ದಿನ ನಡೆಯಿತು.

ನಿನ್ನೆ ಬೆಳಗ್ಗೆ ಟೀಚರು ತಾವೇ ಮೇಲೆ ಬಂದರು. ಕೈಯಲ್ಲಿ ಬಾಟಲಿ. ಒಳಗೆ ಕಾಳು. ‘ಇವರು ನಾಲ್ಕು ದಿನದಿಂದ ನೀರು ನೀರು ಅಂತಿದಾರೆ’ ಅಂದರು. ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಮಯಕ್ಕೆ ಬಂದಿರಿ ಎಂದು ಅಲ್ಲೇ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಮನೆಗೆ ಕೊಡಲು ಅವರಲ್ಲೂ ಬಾಟಲಿ ಇಲ್ಲ. ಅಮ್ಮನನ್ನು ಕಳಿಸುವಾಗ ಕೊಟ್ಟದ್ದೇ ಕೊನೆಯದಂತೆ.

ಅಂದರೆ ಈಗ ಎರಡು ಮನೆಗೆ ಒಂದು ಬಾಟಲಿ. ಅದು ನಮ್ಮದು. ಅಮ್ಮನೊಬ್ಬಳಿಗಾದರೆ ಇಪ್ಪತ್ತು ದಿನ. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ ಅಣ್ಣ, ಸುಳ್ಳು ಹೇಳಲಾರೆ. ಟೀಚರು ಹೊಸ್ತಿಲಾಚೆ ನಿಂತಿದ್ದರು. ಪಾಲು ಕೇಳಲಿಲ್ಲ.

ಅಮ್ಮ ಒಳಗಿನಿಂದ ಕೇಳಿಸಿಕೊಂಡಿದ್ದಳು. ‘ಏನೇ, ಬಾಗಿಲಲ್ಲಿ ನಿಲ್ಲಿಸಿ ಮಾತಾಡ್ತೀಯಾ? ನಾನೊಬ್ಬಳೇ ಇಪ್ಪತ್ತು ದಿನ ಇದ್ದು ಆಮೇಲೆ ಆ ಮನೆ ಮುಂದೆ ಹೇಗೆ ಹಾಯಲಿ? ಹತ್ತು ದಿನ ಇಬ್ಬರೂ ಇರ್ತೀವಿ. ಆಮೇಲಿಂದು ಆಮೇಲೆ.’

ಹಾಗೇ ಶುರು ಮಾಡಿದ್ದೇವೆ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಟೀಚರು ತಮ್ಮ ಸಿರಿಂಜು ಕುದಿಸಿ ತಂದು ತಮ್ಮವರ ಪಾಲು ಎಳೆದುಕೊಂಡು ಹೋಗುತ್ತಾರೆ. ಎಳೆಯುವಾಗ ಗೆರೆ ದಾಟುತ್ತಾರಾ ಎಂದು ನಾನು ನೋಡುತ್ತೇನೆ. ನಾನು ನೋಡುವುದನ್ನು ಅವರು ನೋಡುತ್ತಾರೆ.

ಏಪ್ರಿಲ್ ಒಂಬತ್ತರ ಬೆಳಗಿಗೆ ಬಾಟಲಿ ಮುಗಿಯುತ್ತದೆ. ಅಂಗಡಿಯವನು ಈಗ ಭುಜವನ್ನೂ ಕುಣಿಸುವುದಿಲ್ಲ.

ಗುಬ್ಬಿ

೭ ಏಪ್ರಿಲ್
(ಬಸ್ಸಿನ ಡ್ರೈವರ ಕೈಯಲ್ಲಿ, ಫ್ಲಾಸ್ಕಿನ ಜೊತೆ)

ಗುಬ್ಬಿ,

ಮೊದಲು ಫ್ಲಾಸ್ಕು ತೆಗೆ, ಆಮೇಲೆ ಕಾಗದ ಓದು.

ಮೂರು ಬಾಟಲಿ ಇವೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ, ಐಸು ಹಾಕಿಲ್ಲ. ಫ್ರಿಜ್ಜಿನ ಬಾಗಿಲಿನ ಸಂದಿಯಲ್ಲಿಡು. ತಿರುಗಣೆ ನಡುವಿಗಿರಲಿ. ಹೊರಳಿಸಿ ಬೆಳಕಿಗೆ ಹಿಡಿದು ನೋಡಿಯೇ ಚುಚ್ಚು. ಇದನ್ನು ನಾನು ಇಲ್ಲಿನ ಇಬ್ಬರು ಡಾಕ್ಟರನ್ನು ಕೇಳಿ ಬರೆಯುತ್ತಿದ್ದೇನೆ, ನನಗನ್ನಿಸಿದ್ದನ್ನಲ್ಲ.

ಇಲ್ಲಿನ ಅಂಗಡಿಗಳಲ್ಲೂ ಇರಲಿಲ್ಲ. ಪತ್ರಿಕೆ ಓದಿದ ಊರು ಅಂಗಡಿಗೆ ಹೋಗಿ ಬಂದಿತ್ತು. ಹಾಗಾಗಿ ಮೂರು ದಿನ ನಾನು ನನ್ನ ಹದಿನೈದು ಮನೆಗಳಲ್ಲಿ ಆರು ಪ್ರಶ್ನೆ ಮುಗಿಸಿ, ನಮೂನೆ ಮಡಚಿ, ಇನ್ನೊಂದು ಕೇಳಿದೆ: ನಿಮ್ಮ ಮನೆಯಲ್ಲಿ ಇನ್ಸುಲಿನ್ ಹೆಚ್ಚಿಗೆ ಇದೆಯಾ? ನಮೂನೆಯಲ್ಲಿ ಇಲ್ಲದ್ದು ಕೇಳಿದರೆ ಕೆಲಸದಿಂದ ತೆಗೆಯುತ್ತಾರೆ. ವಿಚಾರಣೆ ಹೇಗೂ ನಡೆಯುತ್ತಿದೆ, ಅದಕ್ಕೊಂದು ಇದಕ್ಕೊಂದು ಬೇರೆ ಬೇರೆ ಯಾಕೆ.

ನಲವತ್ತನಾಲ್ಕು ಮನೆ ಇಲ್ಲ ಅಂದವು. ಅದರಲ್ಲಿ ಕೆಲವು ಇದ್ದೂ ಇಲ್ಲ ಅಂದವು. ಕಣ್ಣು ಫ್ರಿಜ್ಜಿನ ಕಡೆ ಹೋಗುತ್ತಿತ್ತು. ನಾನು ಅವರನ್ನು ಬೈಯಲಾರೆ, ನನ್ನ ಮಂಚದ ಕೆಳಗೆ ಅಕ್ಕಿ ಇದೆ. ಕೊನೆಗೆ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕರು ನನ್ನನ್ನು ಕೂರಿಸಿ, ಯಾರಿಗೆ, ಯಾಕೆ, ಹೇಗೆ ಎಂದು ಒಂದೊಂದೇ ಕೇಳಿದರು. ನಾನು ಉತ್ತರ ಹೇಳುವವನಾಗಿ ಕೂತದ್ದು ಅದೇ ಮೊದಲು. ಎಲ್ಲ ಹೇಳಿದೆ. ‘ನನ್ನ ಹತ್ರ ಐದಿದೆ. ಹೆದರಿಕೊಂಡೇ ತಂದಿದ್ದು. ಮೂರು ತಗೊಂಡು ಹೋಗಿ, ಎರಡರಲ್ಲಿ ನಾನು ಹೆದರ್ತಾ ಇರ್ತೀನಿ’ ಎಂದರು.

ವಿಚಾರಣೆ ನಾಡಿದ್ದು. ಮುಗಿದ ದಿನವೇ, ಅದು ಹೇಗೆ ಮುಗಿದರೂ, ಹೊರಟು ಬರುತ್ತೇನೆ. ಫ್ಲಾಸ್ಕು ತಲುಪಿತೆಂದು ತಿಳಿಯುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಅಣ್ಣ

೯ ಏಪ್ರಿಲ್

ಅಣ್ಣಾ,

ಫ್ಲಾಸ್ಕು ತಲುಪಿತು. ಅದು ಬರುವ ಸುದ್ದಿಯನ್ನು ಡ್ರೈವರು ಡಿಪೋದ ಮೂಲಕ ಇವರಿಗೆ ಮುಟ್ಟಿಸಿದ್ದ. ಬಸ್ಸು ನಿನ್ನೆ ಮಧ್ಯಾಹ್ನ ಮೂರಕ್ಕೆ ಬರಬೇಕಾದದ್ದು ಐದೂಮುಕ್ಕಾಲಿಗೆ ಬಂತು. ಆ ಎರಡೂಮುಕ್ಕಾಲು ಗಂಟೆ ನಾನೂ ಟೀಚರೂ ನಿಲ್ದಾಣದ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಒಂದೊಂದು ಬಸ್ಸು ಬಂದಾಗಲೂ ಇಬ್ಬರೂ ಎದ್ದು ಬೋರ್ಡು ನೋಡಿ ಮತ್ತೆ ಕೂರುತ್ತಿದ್ದೆವು.

ಡ್ರೈವರು ಕೊಟ್ಟ ಕೂಡಲೇ ಅಲ್ಲೇ ಮುಚ್ಚಳ ತೆಗೆದು ಒಂದೊಂದೇ ಬಾಟಲಿ ಬೆಳಕಿಗೆ ಹಿಡಿದೆವು. ಕಾಳಿಲ್ಲ.

‘ಎಷ್ಟು ಕಳಿಸಿದಾರೆ?’ ಎಂದು ಟೀಚರು ಕೇಳಿದರು.

ಮೂರು ಅಂದೆ.

‘ಮೂರೇನಾ?’

ನಾನು ಕಾಗದವನ್ನೇ ಅವರ ಕೈಗೆ ಕೊಟ್ಟೆ. ಓದಿದರು. ಆದರೂ ಅವರ ಮುಖದಿಂದ ಅನುಮಾನ ಹೋಗಲಿಲ್ಲ. ನಾನಾಗಿದ್ದರೂ ಹೋಗುತ್ತಿರಲಿಲ್ಲ. ಮನೆಗೆ ಬಂದು ಬಾಟಲಿಗಳನ್ನು ಫ್ರಿಜ್ಜಿನ ಬಾಗಿಲಿನ ಸಂದಿಗೆ ಇಟ್ಟೆ. ಅವರು ಅಲ್ಲೇ ನಿಂತಿದ್ದರು. ನೋಡಿ ಟೀಚರೇ ಎಂದು ಬಾಗಿಲು ಪೂರ್ತಿ ತೆಗೆದು ಪಕ್ಕಕ್ಕೆ ಸರಿದೆ. ಅವರು ಸಂಕೋಚಪಡಲಿಲ್ಲ. ಪ್ರತಿ ತಟ್ಟೆ ಎಳೆದರು, ತರಕಾರಿ ಎತ್ತಿದರು, ಐಸಿನ ಪೆಟ್ಟಿಗೆಯೊಳಗೆ ಕೈ ಹಾಕಿದರು. ಅಮ್ಮ ಮಂಚದಿಂದ, ‘ಮ್ಯಾಲಿನ ತಟ್ಟೆ ಹಿಂದೆ ನೋಡಮ್ಮ, ನನ್ನ ಮಗಳು ಅಲ್ಲೇ ಬಚ್ಚಿಡೋದು’ ಎಂದು ಹೇಳಿಕೊಟ್ಟಳು. ಅಲ್ಲೂ ನೋಡಿದರು.

ಆಮೇಲೆ ಟೀಚರು ನನ್ನ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ತಮ್ಮ ಫ್ರಿಜ್ಜಿನ ಬಾಗಿಲು ತೆಗೆದು ನಿಂತರು. ನಾನೂ ಬಿಡಲಿಲ್ಲ, ಎಲ್ಲ ನೋಡಿದೆ. ಅರ್ಧ ಎಲೆಕೋಸು, ಒಂದು ಲೋಟ ಹಾಲು, ಅಷ್ಟೇ.

ಮೂರು ಬಾಟಲಿ ಎರಡು ಮನೆಗೆ ಒಂದು ತಿಂಗಳು. ಇವತ್ತು ಬೆಳಗ್ಗೆ ಅಂಗಡಿಯವನು ಮುಂದಿನ ವಾರ ಬರಬಹುದು ಅಂದ. ಬರಬಹುದು, ಬರದೆಯೂ ಇರಬಹುದು. ನನಗೆ ಇನ್ನೂ ಭಯ ಇದೆ ಅಣ್ಣ, ಹೊಲಿಯುವಾಗ ಸೂಜಿಗೆ ದಾರ ಹೋಗುವುದಿಲ್ಲ. ಟೀಚರಿಗೂ ಇದೆ. ಅದಕ್ಕೇ ದಿನಾ ಬೆಳಗ್ಗೆ ಆರಕ್ಕೆ ಅವರು ನಮ್ಮದನ್ನು ನೋಡುವುದು, ನಾನು ಅವರದನ್ನು ನೋಡುವುದು ಎಂದು ಮಾತಾಗಿದೆ. ನಾಳೆ ಅವರು ಬರುವುದು ತಡವಾದರೆ ನಾನೇ ಇಳಿದು ಹೋಗಿ ಬಾಗಿಲು ತಟ್ಟುತ್ತೇನೆ.

ಗುಬ್ಬಿ